ಅಪ್‌ಡೇಟ್: ಮಗಳು ಗುಲಗಂಜಿ ನುಂಗಿದ್ದು

ಹೋದ ವಾರ ಕೇಳಿದ್ದೆನಲ್ಲ, ಚಂದಕ್ಕೆಂದು ಬೇಲಿಗೆ ಹಬ್ಬಿಸಿದ್ದ ಗುಲಗಂಜಿಯ ಬೀಜವನ್ನು 3 ವರ್ಷದ ಮಗಳು ನುಂಗಿದ್ದಾಳೆ ಅಂತ. ಈಗ ಆರಾಮಾಗಿದ್ದಾಳೆ. "ಲಕ್ಷಣಕ್ಕೆ ಕಾಯಬೇಡಿ, ಬಳ್ಳಿಯ ಒಂದು ಕಾಯಿ ಹಿಡಿದುಕೊಂಡೇ ಆಸ್ಪತ್ರೆಗೆ ಓಡಿ" ಎಂದವರಿಗೆ ಕೈಮುಗಿದೆ, ಅದೇ ಕೆಲಸಕ್ಕೆ ಬಂತು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದಂತೂ ಬೇಡವೇ ಬೇಡ ಅಂದರು ಡಾಕ್ಟರ್. ಎರಡು ದಿನ ನಿಗಾದಲ್ಲಿಟ್ಟರು. ಬೀಜ ಇಡಿಯಾಗಿಯೇ ಹೊರಬಿತ್ತು.

ನನಗೆ ಗೊತ್ತೇ ಇರಲಿಲ್ಲ, ಅದರೊಳಗಿನ ಅಬ್ರಿನ್ ವಿಷಕ್ಕೆ ಪ್ರತಿಮದ್ದಿಲ್ಲ. ಗಟ್ಟಿ ಸಿಪ್ಪೆ ಒಡೆಯದ್ದರಿಂದ ಬಚಾವಾದೆವು. ಅಗಿದಿದ್ದರೆ, ಅಥವಾ ಸರಕ್ಕೆ ಪೋಣಿಸಲು ತೂತು ಕೊರೆದ ಬೀಜವಾಗಿದ್ದರೆ ಕಥೆಯೇ ಬೇರೆ. ಹಿಂದೆ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಬೀಜ ಅಂತ ಪ್ರೀತಿಯಿಂದ ಬೆಳೆಸಿದ್ದೆ. ಬಳ್ಳಿ ಬುಡಸಮೇತ ಕಿತ್ತಾಯಿತು, ಉದುರಿದ ಕಾಳುಗಳನ್ನು ಇನ್ನೂ ಹೆಕ್ಕುತ್ತಿದ್ದೇನೆ.