ಸಮಸ್ಯಾಪೂರಣ: ಒಳಗೆಡೆಯಿದ್ದರು ಹೊರಗಡೆ ನಿಂತನು

ಸಮಸ್ಯೆ ಕೊಟ್ಟವರು:
ಗೆಳೆಯರೇ, ಈ ಸಲದ ಸಾಲು ಇದು. ಇದೇ ಕೊನೆಯ ಸಾಲಾಗುವಂತೆ ಮೇಲಿನ ಮೂರು ಸಾಲು ನೀವು ಕಟ್ಟಬೇಕು.

ಒಳಗೆಡೆಯಿದ್ದರು ಹೊರಗಡೆ ನಿಂತನು

ನಾಲ್ಕು ಮಾತ್ರೆಯ ನಾಲ್ಕು ಗಣ, ‘ಳ’ ಪ್ರಾಸ. ‘ಇದ್ದರೂ’ ಎಂದೇ ಅರ್ಥ, ಮಾತ್ರೆಗಾಗಿ ಹ್ರಸ್ವ ಮಾಡಿದ್ದೇನೆ. ಮುನಿಸಿಕೊಂಡ ನಲ್ಲನನ್ನು ತಂದರೆ ಪೂರಣ ಸುಲಭವಾಗಿಬಿಡುತ್ತದೆ, ಅದು ಬೇಡ. ವಸ್ತು ಪರಮಾಣುವಿನ ಒಳಗಿನದೇ ಇರಲಿ.

ಪೂರಣ 1:
ಓದಿದ ತಕ್ಷಣ ಪೊಟ್ಯಾಸಿಯಮ್ ನೆನಪಾಯಿತು.

ಕೆಳಗಿನ ಮನೆಯಲಿ ಇಬ್ಬರು ಕುಳಿತರು
ಬಳಿಕಿನ ಎರಡಲಿ ಎಂಟೆಂಟಾದರು
ಉಳಿದವ, ಹತ್ತೊಂಬತ್ತನೆಯಾತನು,
ಒಳಗೆಡೆಯಿದ್ದರು ಹೊರಗಡೆ ನಿಂತನು

ಪೊಟ್ಯಾಸಿಯಮ್‌ಗೆ 19 ಎಲೆಕ್ಟ್ರಾನ್. ಬೀಜದ ಸುತ್ತ ಅವು ಕೂರುವ ಪದರಗಳೇ ಕವಚಗಳು. ಮೊದಲ ಕವಚದಲ್ಲಿ 2, ಎರಡನೆಯದರಲ್ಲಿ 8, ಮೂರನೆಯದರಲ್ಲೂ 8. ಮೂರನೆಯದು 18ರವರೆಗೆ ಹಿಡಿಯುತ್ತದೆ, ಅಂದರೆ ಇನ್ನೂ 10 ಜಾಗ ಖಾಲಿ. ಆದರೂ ಕೊನೆಯವನು ನಾಲ್ಕನೇ ಕವಚಕ್ಕೆ ಹೋಗಿ ಒಂಟಿಯಾಗಿ ನಿಲ್ಲುತ್ತಾನೆ. ಅವನನ್ನು ಬಿಟ್ಟುಕೊಡುವುದು ಸಲೀಸು. ಅದಕ್ಕೇ ಪೊಟ್ಯಾಸಿಯಮ್ ನೀರು ಮುಟ್ಟಿದರೆ ಸಾಕು, ಹೊತ್ತಿಕೊಳ್ಳುತ್ತದೆ.

ಸಮಸ್ಯೆ ಕೊಟ್ಟವರು:
‘ಎಂಟೆಂಟಾದರು’ ತುಂಬಾ ಹಿಡಿಸಿತು. ಗಣ ಎಲ್ಲೂ ಎಡವಿಲ್ಲ. ಆದರೆ ಗಂಟು ಅರ್ಧ ಮಾತ್ರ ಬಿಚ್ಚಿದಂತಾಯಿತು, ಅಲ್ವಾ? ಹೊರಗೆ ನಿಂತದ್ದು ಸರಿ, ಯಾಕೆ ನಿಂತ?

ಪೂರಣ 2:
ಆ ‘ಯಾಕೆ’ ನನ್ನನ್ನು ಸುಮ್ನೆ ಕೂರಲು ಬಿಡಲಿಲ್ಲ.

ಸುಳಿಯುವ ಹಾದಿಯು ಬೀಜದ ಬಳಿಗಿದೆ
ಬಳಲಿಕೆ ಕಡಿಮೆಯು ನಾಲ್ಕರ ಎಸ್ಸಲಿ
ಅಳೆದನು ಶಕ್ತಿಯ, ತಗ್ಗನು ಕಂಡನು
ಒಳಗೆಡೆಯಿದ್ದರು ಹೊರಗಡೆ ನಿಂತನು

ಕವಚದೊಳಗೆ ಎಲೆಕ್ಟ್ರಾನ್ ಇರುವ ಕೋಣೆಗಳೇ ಆರ್ಬಿಟಲ್‌ಗಳು; ಎಸ್, ಡಿ ಅವುಗಳ ಬಗೆ, ಮುಂದಿನ ಅಂಕಿ ಕವಚದ್ದು. ಖಾಲಿ ಇರುವ ಹತ್ತೂ ಜಾಗ 3ಡಿ ಆರ್ಬಿಟಲ್‌ಗಳವು. ಅಲ್ಲಿ ಇರುವವನು ಪರಮಾಣು ಬೀಜದ ಹತ್ತಿರ ಸುಳಿಯುವುದೇ ಅಪರೂಪ. ಒಳಗಿನ 18 ಎಲೆಕ್ಟ್ರಾನ್‌ಗಳು ಬೀಜದ ಸೆಳೆತವನ್ನು ಅವನಿಗೆ ಮರೆಮಾಡುತ್ತವೆ. 4ಎಸ್‌ನವನು ಜಾಸ್ತಿ ಹೊತ್ತು ದೂರವೇ ಇರುತ್ತಾನೆ ನಿಜ. ಆದರೆ ಆಗಾಗ ಆ ಮರೆಯನ್ನು ದಾಟಿ ಬೀಜದ ತೀರಾ ಹತ್ತಿರಕ್ಕೆ ನುಗ್ಗುತ್ತಾನೆ. ಹಾಗಾಗಿ ಪೊಟ್ಯಾಸಿಯಮ್‌ನಲ್ಲಿ 4ಎಸ್‌ನ ಶಕ್ತಿ 3ಡಿಗಿಂತ ಕೆಳಗೆ ಬೀಳುತ್ತದೆ. ಮನೆ ಹೊರಗಿನದು, ಮಟ್ಟ ತಗ್ಗಿನದು.

ಸಮಸ್ಯೆ ಕೊಟ್ಟವರು:
ಭೇಷ್! ‘ತಗ್ಗನು ಕಂಡನು’ ಎಂಬಲ್ಲಿ ಇಡೀ ಕಾರಣ ಕೂತಿದೆ. ಈ ಸಲ ಇದೇ ನನ್ನ ಮೆಚ್ಚಿನ ಪೂರಣ. 20ನೆಯ ಕ್ಯಾಲ್ಸಿಯಮ್‌ನಲ್ಲೂ ಇದೇ ಕಥೆ. 21ನೆಯ ಸ್ಕ್ಯಾಂಡಿಯಮ್‌ನಿಂದ ಒಳಗಿನ 3ಡಿ ತುಂಬತೊಡಗುತ್ತದೆ. ಆದರೆ ಕಬ್ಬಿಣ 2 ಎಲೆಕ್ಟ್ರಾನ್ ಕಳೆದುಕೊಂಡಾಗ ಹೋಗುವವು 4ಎಸ್‌ನವೇ, 3ಡಿಯವಲ್ಲ. ಮುಂದಿನ ಸಾಲು ಅಲ್ಲಿಂದಲೇ, ಪ್ರಾಸ ‘ದ’:

ಮೊದಲಿಗೆ ಬಂದವ ಮೊದಲೇ ಹೊರಟನು