ಗಿಟಾರ್ ಬಾಡಿ ಮಾಡಾಕ ಸಾಗವಾನಿನೋ ಮಾವೋ? ಮಾಡಿದವ್ರು ಹೇಳ್ರಿ

ವಿದ್ಯಾನಗರ, ಹುಬ್ಬಳ್ಳಿ: ಎಲೆಕ್ಟ್ರಿಕ್ ಗಿಟಾರ್ ಬಾಡಿ ಮನ್ಯಾಗ ಮಾಡಾಂವ ಅದೀನಿ. ನೆಕ್ (ಗಿಟಾರಿನ ಉದ್ದನ ಹಿಡಿ) ತಂದಿಟ್ಟೀನಿ, 25.5 ಇಂಚ್ ಸ್ಕೇಲ್ (ತಂತಿ ಮಿಡಿಯೂ ಉದ್ದ). ಕಟಗಿ ಯಾವುದು, ಪಾಲಿಶ್ ಯಾವುದು? ಕೈಯಾಗ 6,000 ಐತಿ. ಈ ಮಳಿಗಾಲದಾಗ ಮುಗಿಸಬೇಕು.

ಬೆಟಗೇರಿ: ನಂದು ಸಾಗವಾನಿ. ಅಜ್ಜನ ಮನಿ ಕೆಡವಿದಾಗ ಸಿಕ್ಕ ಬಾಗಿಲ ಚೌಕಟ್ಟು, ಪುಕ್ಕಟ ಅಂತ ಕುಣದಾಡಿದೆ. 45 ಮಿ.ಮೀ. ದಪ್ಪ ಇಳಿಸಿ ಎರಡು ತುಂಡು ಅಂಟಿಸಿದೆ. ಮೂರನೇ ದಿನಕ್ಕ ಜೋಡು ಬಿಚ್ಚಿ ಕೈಗೆ ಬಂತು! ಎಣ್ಣಿ ಕಟಗಿ ಅದು, ಅಂಟು ಹಚ್ಚೂ ಮೊದಲ ಥಿನ್ನರ್‌ಲೆ ಒರಸಬೇಕಿತ್ತಂತ. ಮತ್ತ ರಂದಾ ಹೊಡಿಸಿದ್ದು 300. ರೂಟರ್ ಬಿಟ್ (ಕಟಗಿ ಕೊರಿಯೂ ಮಷೀನಿನ ಅಲಗು) ಒಳಗಿನ ಮೊಳಿಗೆ ಬಡದು ಫಟ್, 450. ಇನ್ನೊಂದು ತಂದೆ, ಅದೂ ಫಟ್. ಅಂಟಿಸಿದ್ದು ಬಿಗಿಹಿಡಿಯೂ ಕ್ಲಾಂಪಿಗೆ 950. ಪುಕ್ಕಟ ಕಟಗಿಗೆ 2,150 ಆತು. ಎರಡೂವರಿ ಕೆಜಿ ತೂಗತೈತಿ, ಹೆಗಲು ಬೀಳತೈತಿ. ಆದ್ರೂ ಕೊಡಂಗಿಲ್ಲ ನಾ.

ಹಾವೇರಿ: ಎಲ್ಲಾರ ಅಜ್ಜಾಗೂ ಚೌಕಟ್ಟು ಇರಂಗಿಲ್ಲ ಸಾಹೇಬ್ರ. ನಂದು ಮಾವು, ಹಲಗಿಗೆ 700. ಒಣಗೇತಿ ಅಂದಿದ್ದ ಮಾರಿದಾಂವ. ನೆಕ್ ಪಾಕೆಟ್ (ನೆಕ್ ಕೂಡೂ ಗುಂಡಿ) ಕೊರದು ಇಟ್ಟಿದ್ದೆ, ಒಂದಿನ ಮುಂಜಾನೆ ನೋಡಿದ್ರ ಟೇಬಲ್ ಮ್ಯಾಲ ಜ್ವಾಳದ ಹಿಟ್ಟಿನಂಗ ಪುಡಿ. ಹುಳ! ತೂತಿನಾಗ ಸೂಜಿಲೆ ಔಷಧ ಬಿಟ್ಟು 3 ವಾರ ಪ್ಲಾಸ್ಟಿಕ್ಕಿನಾಗ ಸುತ್ತಿಟ್ಟೆ. ಈಗ ಚಲೋ ಐತಿ. ಸುಮ್ನ ಸಾಗವಾನಿ ಅಂತ ಜಂಬ ಯಾಕ? ಪಿಕಪ್ (ತಂತಿ ಕೆಳಗಿನ ಅಯಸ್ಕಾಂತದ ಸುರುಳಿ) ಹಿಡಿಯೂದು ಉಕ್ಕಿನ ತಂತಿ ಅಲುಗಾಟ, ನಿಮ್ಮ ಬಾಗಿಲಲ್ಲ.

ಬೆಟಗೇರಿ: ಹುಳ ಬಿದ್ದ ಗಿಟಾರ್ ಇಟ್ಕೊಂಡು ನನಗ ಪಾಠಾ?

ಸಪ್ತಾಪುರ, ಧಾರವಾಡ: ಇಬ್ಬರೂ ಕಟಗಿಗೇ ನಿಂತೀರಿ, ನನ್ನ ಜೀವ ತಿಂದದ್ದು ಪಾಲಿಶ್. ಜುಲೈದಾಗ ಜಿಟಿಜಿಟಿ ಮಳಿ, ನಾ ಹಿತ್ತಲದಾಗ ಎನ್‌ಸಿ ಲ್ಯಾಕರ್ (ನೈಟ್ರೋಸೆಲ್ಯುಲೋಸ್ ಪಾಲಿಶ್) ಸ್ಪ್ರೇ. 6 ಕೋಟು. ಹಾಲಿನ ಕೆನಿ ಕಟ್ಟಿದಂಗ ಬೆಳ್ಳಗಾತು. ಥಿನ್ನರ್ ಆರೂವಾಗ ಮೈ ತಣ್ಣಗಾಗ್ತದ, ಹಸಿ ಗಾಳಿ ನೀರು ಅಲ್ಲೇ ಕೂಡ್ತದ. 1,400 ನೀರಾಗ ಹೋತು. ಎಲ್ಲಾ ಕೆರದು, 120, 240, 320ರ ಪಾಲಿಶ್ ಪೇಪರ್ ಹೊಡದು, ಫೆಬ್ರುವರಿಗೆ ಅರಗು ಹಚ್ಚಿದೆ. ಬಟ್ಟಿ ಉಂಡಿಲೆ, ದಿನಾ ಸಂಜಿಗೆ. ಕನ್ನಡಿ ಆಗೇದ.

ಹಾವೇರಿ: ಅರಗಿನ ಮ್ಯಾಲ ಬಿಸಿ ಚಾ ಕಪ್ ಇಡ್ರಿ, ಬಿಳಿ ಉಂಗುರ ಬೀಳ್ತೈತಿ. ಪಿಯು (ಪಾಲಿಯುರೆಥೇನ್) ಪಾಲಿಶ್ ಹೊಡೀರಿ.

ಸಪ್ತಾಪುರ: ಚಾ ಇಡಾಕ ಅದೇನ ಸ್ಟೂಲೇನ್ರಿ?

ವಿದ್ಯಾನಗರ: ಹಂಗಾರ ಮಳಿಗಾಲದಾಗ ಬ್ಯಾಡಾ?

ಬೆಟಗೇರಿ: ಕೊರಿಯೂದು ಈಗ ಮಾಡು ತಮ್ಮಾ. ಕ್ಲಾಂಪ್ ಬೇಕಂದ್ರ ಹಾವೇರಿ ಸಾಹೇಬ್ರನ್ನ ಕೇಳು. ಹೋದ ಚೌತಿಗೆ ಒಯ್ದಾರ, ಇನ್ನೂ ತಂದಿಲ್ಲ.