ಎರಡು ಬೇಸಿಗೆ ಟೈರ್‌ಗಳಲ್ಲಿ ಯಾವುದು? ಟೈರ್ ತಂತ್ರಜ್ಞರೊಂದಿಗೆ ಪ್ರಶ್ನೋತ್ತರ

ಟೈರ್ ತಂತ್ರಜ್ಞ: ಇಂದು ಸಂಜೆ ಎರಡು ಗಂಟೆ ಬಿಡುವಿದೆ. ಕಾರಿನ ಬೇಸಿಗೆ ಟೈರ್‌ಗಳ (ಹಿಮದ ಚಳಿಗಾಲಕ್ಕೆ ಮಾಡಿದ್ದಲ್ಲದ ಸಾಮಾನ್ಯ ಟೈರ್‌ಗಳ) ಬಗ್ಗೆ ಕೇಳಿ. ಅಳತೆ, ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ತಯಾರಿಕೆಯ ನಾಲ್ಕಂಕಿ, ಗಾಳಿ ಎಷ್ಟಿದೆ ಎಂಬುದು, ಈ ಮೂರನ್ನೂ ಬರೆದರೆ ಉತ್ತರಿಸುವುದು ಸುಲಭ. ‘ಯಾವ ಕಂಪನಿ ಒಳ್ಳೆಯದು’ ಎಂದಷ್ಟೇ ಕೇಳಿದರೆ ಉತ್ತರಿಸುವುದಿಲ್ಲ.

ನೀಲಿಕಾರು: ನಮಸ್ಕಾರ ಸರ್. ಅಳತೆ 205/55 ಆರ್16 91ವಿ. ಎರಡು ಟೈರ್‌ಗಳ ನಡುವೆ ಮನಸ್ಸು ತೂಗಾಡುತ್ತಿದೆ. ಯುರೋಪಿನ ಲೇಬಲ್ ಪ್ರಕಾರ (ಅದರಲ್ಲಿ ಎ ಅತ್ಯುತ್ತಮ ದರ್ಜೆ) ಮೊದಲನೆಯದಕ್ಕೆ ಒದ್ದೆ ರಸ್ತೆಯ ಹಿಡಿತದಲ್ಲಿ ಎ, ಇಂಧನದಲ್ಲಿ ಸಿ, ಸದ್ದು 72 ಡೆಸಿಬಲ್. ಎರಡನೆಯದಕ್ಕೆ ಹಿಡಿತದಲ್ಲಿ ಸಿ, ಇಂಧನದಲ್ಲಿ ಎ, ಸದ್ದು 69. ಸದ್ದೂ ಕಡಿಮೆ, ಪೆಟ್ರೋಲೂ ಉಳಿತಾಯ ಎಂದು ಮನೆಯಲ್ಲಿ ಎಲ್ಲರೂ ಎರಡನೆಯದರ ಪರ. ಮುಂದಿನ ಎರಡು ಚಕ್ರಗಳಿಗೆ ಹೋದ ತಿಂಗಳು ಮೊದಲನೆಯ ಬಗೆಯನ್ನು ಹಾಕಿಸಿದ್ದೆ. ಈಗ ಹಿಂದಿನ ಎರಡಕ್ಕೆ ಯಾವುದು? ಅಲ್ಲಿರುವುವು ಹಳೆಯವು, ಆದರೆ ಟ್ರೆಡ್ (ರಸ್ತೆಗೆ ತಾಗುವ ಗೀರುಗಳ ರಬ್ಬರ್) ಇನ್ನೂ ಇದೆ, ಆತುರವೇನಿಲ್ಲ. ಕಳೆದ ವಾರ ಮಳೆಯಲ್ಲಿ ತಿರುವು ತೆಗೆದುಕೊಳ್ಳುವಾಗ ಹಿಂಭಾಗ ಸ್ವಲ್ಪ ಜಾರಿದಂತಾಯಿತು. ನನ್ನ ವೇಗವೇ ಹೆಚ್ಚಾಗಿತ್ತೇನೋ.

ದೂರಯಾನಿ: ಸರ್, ನೈಟ್ರೋಜನ್ ತುಂಬಿಸಿದರೆ ಒಳ್ಳೆಯದೇ?

ಟೈರ್ ತಂತ್ರಜ್ಞ: ನಾವು ಉಸಿರಾಡುವ ಗಾಳಿಯಲ್ಲೇ ಶೇ. 78ರಷ್ಟು ನೈಟ್ರೋಜನ್ ಇದೆ. ತಿಂಗಳಿಗೊಮ್ಮೆ ಒತ್ತಡ ನೋಡುವವರಿಗೆ ಅದರ ಅಗತ್ಯವಿಲ್ಲ. ನೋಡದವರನ್ನು ಅದು ಕಾಪಾಡುವುದೂ ಇಲ್ಲ.

ಮಿಂಚುಗಾಡಿ: ನನ್ನದು ವಿದ್ಯುತ್ ಕಾರು. ಒಳಗೆ ಸ್ಪಂಜು ಅಂಟಿಸಿದ ಟೈರ್‌ಗಳೇ ಬೇಕೇ, ಸಾಮಾನ್ಯ ಟೈರ್ ನಡೆಯುತ್ತದೆಯೇ?

ಟೈರ್ ತಂತ್ರಜ್ಞ: @ನೀಲಿಕಾರು, ನೀವು ಕೊನೆಯಲ್ಲಿ ಸೇರಿಸಿದ ಮಾತಿನಿಂದಲೇ ಶುರುಮಾಡುತ್ತೇನೆ. ಲೇಬಲ್ ಆಮೇಲೆ.

ಮುಂದೆ ಹೊಚ್ಚಹೊಸ ಟೈರ್, ಅದೂ ಒದ್ದೆಯಲ್ಲಿ ಎ ದರ್ಜೆಯದು. ಹಿಂದೆ ಎಷ್ಟು ಹಳೆಯದೆಂದು ನೀವೇ ಹೇಳದ ಟೈರ್. ಮಳೆಯಲ್ಲಿ ಹಿಂಭಾಗ ಜಾರಿದೆ. ಇದಕ್ಕೆ ವೇಗವೊಂದನ್ನೇ ಹೊಣೆ ಮಾಡಬೇಡಿ. ತಿರುವಿನಲ್ಲಿ ಮುಂದಿನ ಟೈರ್ ಮೊದಲು ಜಾರಿದರೆ ಕಾರು ತಿರುಗದೆ ನೇರಕ್ಕೆ ಹೋಗುತ್ತದೆ. ಆಗ ಹೆದರಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೂ ಸಾಕು, ಸಾಮಾನ್ಯವಾಗಿ ಹಿಡಿತ ಮರಳುತ್ತದೆ. ಹಿಂದಿನದು ಮೊದಲು ಜಾರಿದರೆ ಕಾರು ಗಿರಕಿ ಹೊಡೆಯಲು ಹೊರಡುತ್ತದೆ. ಆಗ ಕಾಲು ತೆಗೆದರೆ ಭಾರ ಮುಂದಕ್ಕೆ ವಾಲಿ, ಹಿಂದಿನ ಟೈರ್ ಇನ್ನಷ್ಟು ಹಗುರಾಗಿ, ಜಾರುವುದು ಹೆಚ್ಚುತ್ತದೆ. ಅಂದರೆ ಹೆದರಿದವನು ಸಹಜವಾಗಿ ಮಾಡುವ ಕೆಲಸವೇ ಅವನಿಗೆ ಮುಳುವಾಗುತ್ತದೆ. ಎರಡೇ ಹೊಸ ಟೈರ್ ಕೊಂಡಾಗ ಅವು ಹಿಂದಕ್ಕೇ ಹೋಗಬೇಕು ಎನ್ನುವುದು ಈ ಕಾರಣಕ್ಕೆ. ಕಾರಿನ ಎಂಜಿನ್ ಯಾವ ಚಕ್ರವನ್ನು ತಿರುಗಿಸುತ್ತದೆ ಎಂಬುದು ಇಲ್ಲಿ ಮುಖ್ಯವಲ್ಲ.

ಇನ್ನೊಂದು ಅಪಾಯವೂ ಇದೆ. ಮುಂದಿನ ಹೊಸ ಟೈರ್ ನೀರನ್ನು ಚೆನ್ನಾಗಿ ಸೀಳುವುದರಿಂದ ಸ್ಟೀರಿಂಗ್ ಗಟ್ಟಿಯಾಗಿಯೇ ಇರುತ್ತದೆ, ನಿಮಗೆ ಧೈರ್ಯ ಬರುತ್ತದೆ. ಹಿಂದಿನ ಟೈರ್ ಆಗಲೇ ನೀರಿನ ಮೇಲೆ ತೇಲುತ್ತಿರಬಹುದು. ಅದು ಸ್ಟೀರಿಂಗ್‌ಗೆ ಸುಳಿವನ್ನೇ ಕೊಡುವುದಿಲ್ಲ.

ಈಗಲೇ ಹೋಗಿ ನೋಡಿ. ಟ್ರೆಡ್ ಆಳವನ್ನು ಹೊರಅಂಚು, ನಡು, ಒಳಅಂಚು, ಹೀಗೆ ಮೂರು ಕಡೆ ಅಳೆಯಿರಿ. ಒಳಅಂಚು ನಿಂತು ನೋಡಿದರೆ ಕಾಣುವುದಿಲ್ಲ, ಬಗ್ಗಿ ಟಾರ್ಚ್ ಬಿಡಬೇಕು. ಬರಿಗೈಯಲ್ಲಿ ಸವರಬೇಡಿ, ಸವೆದ ಟೈರಿನಿಂದ ಉಕ್ಕಿನ ತಂತಿ ಹೊರಬಂದಿದ್ದರೆ ಬೆರಳು ಸೀಳುತ್ತದೆ. ನಾಲ್ಕಂಕಿಯನ್ನೂ ಬರೆದುಕೊಂಡು ಬನ್ನಿ. ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ.

ಹಳೆಯ ಚಾಲಕ: ಕ್ಷಮಿಸಿ, ಒಪ್ಪಲಾರೆ. ಮೂವತ್ತು ವರ್ಷದಿಂದ ಓಡಿಸುತ್ತಿದ್ದೇನೆ. ತಿರುಗಿಸುವುದು ಮುಂದಿನ ಚಕ್ರ, ಬ್ರೇಕಿನ ಹೆಚ್ಚಿನ ಭಾರ ಬೀಳುವುದೂ ಮುಂದೆಯೇ. ಒಳ್ಳೆಯದು ಮುಂದೆ ಇರಬೇಕು ಎನ್ನುವುದು ಸಾಮಾನ್ಯ ಜ್ಞಾನ.

ಗೆಳೆಯರ ಬಳಗ: ಎಲ್ಲರ ಗಮನಕ್ಕೆ, ಫಾರ್ವರ್ಡ್ ಬಂದದ್ದು: “ಬಿಸಿಲಿನಲ್ಲಿ ಟೈರ್ ಒಳಗಿನ ಗಾಳಿ ಹಿಗ್ಗಿ ಟೈರ್ ಸಿಡಿಯುತ್ತದೆ. ಬೇಸಿಗೆಯಲ್ಲಿ ಗಾಳಿಯ ಒತ್ತಡ 5 ಪಿಎಸ್‌ಐ ಕಡಿಮೆ ಇಡಿ. ದೂರ ಹೋದಾಗ ನಡುವೆ ನಿಲ್ಲಿಸಿ ಸ್ವಲ್ಪ ಗಾಳಿ ಬಿಡಿ. ಒಂದು ಜೀವ ಉಳಿಸಿ, ಹಂಚಿಕೊಳ್ಳಿ.”

ಟೈರ್ ತಂತ್ರಜ್ಞ: ಹಂಚಿಕೊಳ್ಳಬೇಡಿ. ಗಾಳಿಯ ವಿಷಯದಲ್ಲಿ ಗಾಳಿಮಾತು ಬೇಡ.

ಟೈರ್ ಸಿಡಿಯುವುದಕ್ಕೆ ದೊಡ್ಡ ಕಾರಣ ಗಾಳಿ ಹೆಚ್ಚಾಗುವುದಲ್ಲ, ಕಡಿಮೆಯಾಗುವುದು. 205/55 ಆರ್16 ಟೈರಿನ ಸುತ್ತಳತೆ ಸುಮಾರು ಎರಡು ಮೀಟರ್. ಗಂಟೆಗೆ 80 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಹನ್ನೊಂದು ಸುತ್ತು ಹಾಕುತ್ತದೆ, ಗಂಟೆಗೆ ಸುಮಾರು ನಲವತ್ತು ಸಾವಿರ. ಪ್ರತಿ ಸುತ್ತಿನಲ್ಲೂ ಟೈರಿನ ಪಕ್ಕ ಒಮ್ಮೆ ಮಡಚಿ ಬಿಚ್ಚಿಕೊಳ್ಳುತ್ತದೆ. ಗಾಳಿ ಕಡಿಮೆಯಿದ್ದರೆ ಮಡಿಕೆ ಆಳವಾಗುತ್ತದೆ, ರಬ್ಬರ್ ಒಳಗಿಂದ ಕಾಯುತ್ತದೆ, ಪದರಗಳು ಬಿಡುತ್ತವೆ. ಓಡಿ ಬಿಸಿಯಾದ ಟೈರಿನಲ್ಲಿ ನಾಲ್ಕೈದು ಪಿಎಸ್‌ಐ ಹೆಚ್ಚು ತೋರುವುದು ಸಹಜ. ಕಾರಿನ ಬಾಗಿಲ ಚೌಕಟ್ಟಿನ ಮೇಲೆ ಬರೆದಿರುವ ಒತ್ತಡ ತಣ್ಣಗಿರುವ ಟೈರಿಗೆ ಹೇಳಿದ್ದು, ಈ ಏರಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ಬರೆದದ್ದು. ಬಿಸಿ ಟೈರಿನಿಂದ ಗಾಳಿ ಬಿಟ್ಟರೆ ಮರುದಿನ ಬೆಳಗ್ಗೆ ಕಡಿಮೆ ಗಾಳಿಯಲ್ಲಿ ಹೊರಡುತ್ತೀರಿ. ಈ ಸಂದೇಶದಿಂದ ಉಳಿದ ಜೀವ ಒಂದನ್ನೂ ನಾನು ನೋಡಿಲ್ಲ. ಕಡಿಮೆ ಗಾಳಿಯಲ್ಲಿ ಓಡಿ, ಪಕ್ಕದ ಒಳಗೋಡೆ ಪುಡಿಪುಡಿಯಾಗಿ ಉದುರುವ ಟೈರ್‌ಗಳನ್ನು ಮಾತ್ರ ಮೇಲಿಂದ ಮೇಲೆ ಬಿಚ್ಚಿದ್ದೇನೆ.

ಗೆಳೆಯರ ಬಳಗ: ಬಂದದ್ದನ್ನು ಹಾಕಿದೆ ಸರ್, ಕೋಪ ಯಾಕೆ?

ಲೆಕ್ಕಿಗ: ನಾಲ್ಕೂ ಟೈರ್ ಹೊಸದು ಹಾಕಿಸಿದೆ. ಇಂಧನದಲ್ಲಿ ಬಿ ದರ್ಜೆಯವೇ. ಮೈಲೇಜ್ ಏರುವ ಬದಲು ಇಳಿಯಿತು! ಲೇಬಲ್ ಸುಳ್ಳೇ?

ಟೈರ್ ತಂತ್ರಜ್ಞ: ಒಳ್ಳೆಯ ಪ್ರಶ್ನೆ. ನೀವು ಹೊಸದನ್ನು ಹೋಲಿಸುತ್ತಿರುವುದು ಬೋಳಾದ ಹಳೆಯದರೊಂದಿಗೆ. ಟ್ರೆಡ್ ದಪ್ಪವಿದ್ದಷ್ಟೂ ಹೆಚ್ಚು ರಬ್ಬರ್ ನುಲಿಯುತ್ತದೆ, ಹೆಚ್ಚು ಶಕ್ತಿ ನುಂಗುತ್ತದೆ. ಆದ್ದರಿಂದ ಸವೆದ ಟೈರ್ ಹಗುರವಾಗಿ ಉರುಳುತ್ತದೆ. ಜೊತೆಗೆ ನಿಮ್ಮ ಮೀಟರೂ ಆಟ ಆಡುತ್ತದೆ. ಈ ಅಳತೆಯ ಹೊಸ ಟೈರಿನ ವ್ಯಾಸ ಸುಮಾರು 632 ಮಿ.ಮೀ. ಆರು ಮಿಲಿಮೀಟರ್ ಟ್ರೆಡ್ ಸವೆದರೆ 620. ಮೀಟರ್ ಎಣಿಸುವುದು ಸುತ್ತುಗಳನ್ನು. ಹಾಗಾಗಿ ಅದೇ ದಾರಿಗೆ ಹೊಸ ಟೈರಿನಲ್ಲಿ ಸುಮಾರು ಶೇ. 2ರಷ್ಟು ಕಡಿಮೆ ಕಿಲೋಮೀಟರ್ ತೋರುತ್ತದೆ. ನೀವು ಕಳೆದುಕೊಂಡ ಮೈಲೇಜಿನಲ್ಲಿ ಒಂದು ಪಾಲು ಬರೀ ಎಣಿಕೆಯದು.

ಲೆಕ್ಕಿಗ: ಇದನ್ನು ಯಾರೂ ಹೇಳಿರಲಿಲ್ಲ! @ಹಳೆಯ ಚಾಲಕ, ನೋಡಿದಿರಾ, ಅನುಭವ ಬೇರೆ, ಅಳತೆ ಬೇರೆ.

ಹಳೆಯ ಚಾಲಕ: ನನ್ನನ್ನು ಯಾಕೆ ಎಳೆಯುತ್ತೀರಿ? ಒಂದೇ ಒಂದು ಸಲವೂ ನನ್ನ ಕಾರು ಗಿರಕಿ ಹೊಡೆದಿಲ್ಲ.

ಲೆಕ್ಕಿಗ: ಈಜು ಬಾರದವನು ಇದುವರೆಗೆ ಮುಳುಗಿಲ್ಲ ಎಂದಂತಾಯಿತು.

ಹಳೆಯ ಚಾಲಕ: ನಾನು ಬೆಟ್ಟದ ದಾರಿಗಳಲ್ಲಿ ಓಡಿಸುತ್ತಿದ್ದಾಗ ನೀವು ಆಟಿಕೆ ಕಾರು ತಳ್ಳುತ್ತಿದ್ದಿರಬೇಕು.

ಹೊಸಬ: ಈಗಿನ ಕಾರುಗಳಲ್ಲಿ ಜಾರುವುದನ್ನು ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆ ಇರುತ್ತದಲ್ಲ? ಯಾವ ಟೈರ್ ಎಲ್ಲಿದ್ದರೇನು?

ಟೈರ್ ತಂತ್ರಜ್ಞ: ಆ ವ್ಯವಸ್ಥೆ ಬ್ರೇಕ್ ಹಿಡಿಯುವುದೂ ಅದೇ ಟೈರಿನ ಮೂಲಕ. ಟೈರಿನಲ್ಲಿ ಇಲ್ಲದ ಹಿಡಿತವನ್ನು ಕಂಪ್ಯೂಟರ್ ಎಲ್ಲಿಂದ ತರುತ್ತದೆ? @ಹಳೆಯ ಚಾಲಕ, ಬ್ರೇಕಿನ ಭಾರ ಮುಂದೆ ಎಂದದ್ದು ನಿಜ. ಹಿಂಭಾಗ ಹಗುರಾಗುವುದೂ ಅದಕ್ಕೇ.

ಮಿಂಚುಗಾಡಿ: ನನ್ನ ಪ್ರಶ್ನೆ ಮೇಲೆಯೇ ಉಳಿದಿದೆ ಸರ್.

ತಾಜಾಟೈರ್: ಹಳದಿ ಚುಕ್ಕೆ, ಕೆಂಪು ಚುಕ್ಕೆ ಎಂದರೇನು? ಚುಕ್ಕೆ ಇದ್ದರೆ ಮೊದಲ ದರ್ಜೆಯ ಮಾಲು ಎನ್ನುತ್ತಾರೆ.

ಟೈರ್ ತಂತ್ರಜ್ಞ: ದರ್ಜೆಗೂ ಅದಕ್ಕೂ ಸಂಬಂಧವಿಲ್ಲ. ಅವು ಟೈರನ್ನು ರಿಮ್‌ಗೆ ಕೂರಿಸುವವರಿಗೆ ಗುರುತು. ಸಾಮಾನ್ಯವಾಗಿ ಹಳದಿ ಇರುವುದು ಟೈರಿನ ಹಗುರವಾದ ಜಾಗದಲ್ಲಿ, ಅದನ್ನು ಗಾಳಿ ತುಂಬುವ ವಾಲ್ವ್‌ಗೆ ಹೊಂದಿಸುತ್ತೇವೆ.

ಉಳಿತಾಯ: 91ವಿ ಬದಲು 91ಟಿ ಹಾಕಿಸಬಹುದೇ?

ಟೈರ್ ತಂತ್ರಜ್ಞ: ಬೇಡ. ವಿ ಎಂದರೆ 240 ಕಿ.ಮೀ. ವೇಗದ ತನಕ, ಟಿ ಎಂದರೆ 190. ಕಾರಿನ ಕೈಪಿಡಿ ಹೇಳಿದ್ದಕ್ಕಿಂತ ಕೆಳಗಿನದಕ್ಕೆ ಇಳಿಯಬೇಡಿ.

ಉಳಿತಾಯ: ನಾನು ನೂರರ ಮೇಲೆ ಹೋಗುವುದೇ ಇಲ್ಲವಲ್ಲ?

ದಾರಿಹೋಕ: ನೈಟ್ರೋಜನ್ ಬಗ್ಗೆ ಸ್ವಲ್ಪ ತಿಳಿಸಿ ಸರ್.

ಟೈರ್ ತಂತ್ರಜ್ಞ: ಮೇಲೆ ಇದೆ.

@ನೀಲಿಕಾರು ಬರುವವರೆಗೆ ಅವರ ಲೇಬಲ್ ವಿಷಯ ಮುಗಿಸುತ್ತೇನೆ. ಇದರ ಮೂಲ ರಬ್ಬರಿನ ಸ್ವಭಾವದಲ್ಲಿದೆ. ರಬ್ಬರ್ ಅಮುಕಿ ಬಿಟ್ಟಾಗ ನೀವು ಕೊಟ್ಟ ಶಕ್ತಿಯನ್ನೆಲ್ಲ ಮರಳಿಸುವುದಿಲ್ಲ, ಒಂದಷ್ಟನ್ನು ಶಾಖವಾಗಿ ಕಳೆಯುತ್ತದೆ. ಉರುಳುವಾಗ ಈ ನಷ್ಟ ಪೆಟ್ರೋಲ್ ಕುಡಿಯುತ್ತದೆ. ಬ್ರೇಕ್ ಹಿಡಿದಾಗ ಇದೇ ನಷ್ಟ ಹಿಡಿತವಾಗುತ್ತದೆ, ಏಕೆಂದರೆ ರಸ್ತೆಯ ಸಣ್ಣ ಉಬ್ಬುತಗ್ಗುಗಳು ಜಾರುವ ರಬ್ಬರನ್ನು ಸೆಕೆಂಡಿಗೆ ಸಾವಿರಾರು ಸಲ ಕೆದಕುತ್ತವೆ. ಹಾಗಾಗಿ ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯಬೇಕಾಗಿತ್ತು. 1990ರ ದಶಕದಲ್ಲಿ ಟ್ರೆಡ್‌ನ ರಬ್ಬರಿಗೆ ಬೆರೆಸುವ ಕಾರ್ಬನ್ ಕಪ್ಪಿನ (ಮಸಿಯಂಥ ಪುಡಿ) ಬಹುಪಾಲನ್ನು ತೆಗೆದು ಸಿಲಿಕಾ (ಮರಳಿನಲ್ಲಿರುವ ವಸ್ತುವಿನ ನುಣುಪು ಪುಡಿ) ಬೆರೆಸುವ ಪದ್ಧತಿ ಹರಡಿದ ಮೇಲೆ ಇಕ್ಕಟ್ಟು ಸಡಿಲವಾಯಿತು: ನಿಧಾನದ ಮಡಿಕೆಯಲ್ಲಿ ಕಡಿಮೆ ನಷ್ಟ, ವೇಗದ ಕೆದಕಾಟದಲ್ಲಿ ಹೆಚ್ಚು. ಎರಡರಲ್ಲೂ ಎ ಪಡೆದ ಟೈರ್‌ಗಳೂ ಈಗ ಇವೆ. ನಿಮ್ಮ ಎರಡೂ ಟೈರ್ ಹಳೆಯ ಕೊಡುಕೊಳ್ಳುವಿಕೆಯ ಎರಡು ತುದಿಗಳಲ್ಲಿ ನಿಂತಿವೆ.

ಲೆಕ್ಕ ನೋಡಿ. ಇಂಧನದ ಎ ದರ್ಜೆಗೆ ಉರುಳುವ ತಡೆ ಪ್ರತಿ ಟನ್ ಭಾರಕ್ಕೆ 6.5 ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ, ಸಿ ದರ್ಜೆಗೆ 7.8ರಿಂದ 9. ಒಂದೂವರೆ ಟನ್ ಕಾರಿಗೆ ವ್ಯತ್ಯಾಸ ಸುಮಾರು ಮೂರು ಕೆ.ಜಿ. ಎಳೆತ. ನೂರು ಕಿಲೋಮೀಟರ್‌ಗೆ ಕಾಲು ಲೀಟರ್ ಆಸುಪಾಸು. ಅದು ನಿಜವಾದ ಉಳಿತಾಯವೇ, ಅಲ್ಲಗಳೆಯುವುದಿಲ್ಲ. ಆದರೆ ಒದ್ದೆ ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ. ವೇಗದಿಂದ ಎ ಟೈರ್ 30 ಮೀಟರ್‌ಗೆ ನಿಂತಿತು, ಸಿ ಟೈರಿಗೆ 36 ಬೇಕಾಯಿತು ಎಂದುಕೊಳ್ಳಿ. ಎರಡು ದರ್ಜೆಗಳ ಅಂತರಕ್ಕೆ ಇದು ಉತ್ಪ್ರೇಕ್ಷೆಯಲ್ಲ. ಮೊದಲ ಕಾರು ನಿಂತ ಜಾಗದಲ್ಲಿ ಎರಡನೆಯದು ಇನ್ನೂ ಸುಮಾರು 33 ಕಿ.ಮೀ. ವೇಗದಲ್ಲಿರುತ್ತದೆ. ಆರು ಮೀಟರ್ ಎಂದರೆ ಯಾರಿಗೂ ದಿಗಿಲಾಗುವುದಿಲ್ಲ. ಎದುರಿನ ವಾಹನಕ್ಕೆ 33ರಲ್ಲಿ ಗುದ್ದುವುದನ್ನು ಯೋಚಿಸಿ.

ಸದ್ದಿನ ಅಂಕಿ ನಿಮ್ಮ ಕಿವಿಗೆ ಸಂಬಂಧಿಸಿದ್ದಲ್ಲ. ಎಂಜಿನ್ ಆರಿಸಿದ ಕಾರು ಹಾದುಹೋಗುವಾಗ ರಸ್ತೆ ಬದಿಯ ಮೈಕ್ ಹಿಡಿದ ಸದ್ದು ಅದು. 72ಕ್ಕೂ 69ಕ್ಕೂ ಸದ್ದಿನ ಶಕ್ತಿ ಇಮ್ಮಡಿ ವ್ಯತ್ಯಾಸ ನಿಜ, ಲಾಭ ದಾರಿಬದಿಯ ಮನೆಯವರಿಗೆ. ಒಳಗೆ ಕೂತವರಿಗೆ ಕೇಳುವುದು ರಸ್ತೆಯ ಮೈ, ಟೈರ್ ಪಕ್ಕದ ಬಿಗಿ, ಕಾರಿನ ಒಳಹೊದಿಕೆ ಎಲ್ಲ ಸೇರಿದ್ದು. ಹಳ್ಳ ಹಾರುವಾಗಿನ ಕುಲುಕಾಟ ಲೇಬಲ್‌ನಲ್ಲಿ ಇಲ್ಲವೇ ಇಲ್ಲ.

ಹಳೆಯ ಚಾಲಕ: ಇಷ್ಟೆಲ್ಲ ಓದುವಷ್ಟರಲ್ಲಿ ಟೈರ್ ಬದಲಾಯಿಸಿ ಬರಬಹುದು.

ಲೆಕ್ಕಿಗ: ಬದಲಾಯಿಸಿ, ಆದರೆ ಹಿಂದಕ್ಕೆ ಹಾಕಿ.

ಹಳೆಯ ಚಾಲಕ: ನಿಮಗೆ ಮರ್ಯಾದೆ ಕಲಿಸಿದವರು ಯಾರೂ ಇಲ್ಲವೇ?

ಗೆಳೆಯರ ಬಳಗ: ಜಗಳ ಬೇಡ. ಟೈರ್ ಹೊಳೆಯಲು, ಬಿರುಕು ಮುಚ್ಚಲು ವಾರಕ್ಕೊಮ್ಮೆ ಡೀಸೆಲ್ ಹಚ್ಚಿ, ಚೆನ್ನಾಗಿ ಕೆಲಸ ಮಾಡುತ್ತದೆ. ಇದು ಫಾರ್ವರ್ಡ್ ಅಲ್ಲ, ನಮ್ಮ ಚಿಕ್ಕಪ್ಪನ ಅನುಭವ.

ಟೈರ್ ತಂತ್ರಜ್ಞ: ಡೀಸೆಲ್ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಬಿರುಕು ಮುಚ್ಚಿದಂತೆ ಕಾಣುವುದು ಆ ಊತ. ಚಿಕ್ಕಪ್ಪನವರಿಗೂ ತಿಳಿಸಿ.

ನೀಲಿಕಾರು: ನೋಡಿ ಬಂದೆ ಸರ್. ಹೊರಅಂಚಿನಲ್ಲಿ 4 ಮಿ.ಮೀ. ಇದೆ, ನಡುವೆ 3. ಒಳಅಂಚು ಎರಡೂ ಟೈರ್‌ನಲ್ಲಿ ಪೂರ್ತಿ ಬೋಳು. ಎಡಗಡೆಯದರಲ್ಲಿ ದಾರದಂತಹ ಏನೋ ಕಾಣುತ್ತಿದೆ. ಅಂಕಿ 1416. ನಾಳೆ ಬೆಳಗ್ಗೆ ಮಕ್ಕಳನ್ನು ಕರೆದುಕೊಂಡು ಇನ್ನೂರು ಕಿಲೋಮೀಟರ್ ಹೋಗುವುದಿತ್ತು. ವಾಪಸು ಬಂದು ಬದಲಾಯಿಸಿದರೆ ಆಗದೇ?

ಟೈರ್ ತಂತ್ರಜ್ಞ: ಆಗದು. ಕಾರನ್ನು ನಿಂತಲ್ಲಿಂದ ಕದಲಿಸಬೇಡಿ. ದಾರ ಕಾಣುತ್ತಿದೆ ಎಂದರೆ ನೀವು ಓಡಿಸುತ್ತಿರುವುದು ರಬ್ಬರಿನ ಮೇಲಲ್ಲ, ಟೈರಿನ ಎಲುಬಿನ ಮೇಲೆ. ಹೊರಅಂಚಿನ ನಾಲ್ಕು ಮಿಲಿಮೀಟರ್ ನಿಮ್ಮನ್ನು ಇಷ್ಟು ದಿನ ಮೋಸಗೊಳಿಸಿದೆ. ಜೊತೆಗೆ ಅದು 2016ರ ಹದಿನಾಲ್ಕನೆಯ ವಾರದ ಟೈರ್, ಟ್ರೆಡ್ ಪೂರ್ತಿ ಇದ್ದರೂ ತೆಗೆಯಿರಿ ಎನ್ನುತ್ತಿದ್ದೆ. ಇವನ್ನು ಮುಂದಕ್ಕೆ ಹಾಕಿ ಹೊಸದನ್ನು ಹಿಂದಕ್ಕೆ ತರುವ ಮಾತೂ ಬೇಡ, ಇವೆರಡೂ ಗುಜರಿಗೆ. ಟೈರ್ ಹಾಕುವವರನ್ನು ಮನೆಗೆ ಕರೆಸಿ, ಇಲ್ಲವೇ ಚಕ್ರಗಳನ್ನು ಬಿಚ್ಚಿ ಬೇರೆ ವಾಹನದಲ್ಲಿ ಕಳುಹಿಸಿ.

ಹಿಂದಕ್ಕೆ ಮೊದಲನೆಯದನ್ನೇ ಹಾಕಿಸಿ. ಮುಂದೆ ಎ, ಹಿಂದೆ ಸಿ ಹಿಡಿತದ ಟೈರ್ ಹಾಕಿದರೆ ಕಳೆದ ವಾರದ ಜಾರಾಟಕ್ಕೆ ಹೊಸ ಟೈರಿನಲ್ಲಿ ಮತ್ತೆ ದಾರಿ ಮಾಡಿಕೊಟ್ಟಂತೆ. ಎರಡನೆಯದೇ ಬೇಕೆಂದಿದ್ದರೆ ನಾಲ್ಕಕ್ಕೂ ಅದನ್ನೇ ಹಾಕಬೇಕಿತ್ತು.

ನೀಲಿಕಾರು: ಎರಡೂ ಕಡೆ ಒಳಅಂಚೇ ಏಕೆ ಸವೆಯಿತು?

ಟೈರ್ ತಂತ್ರಜ್ಞ: ಹಿಂದಿನ ಚಕ್ರಗಳ ಕೋನ ತಪ್ಪಿದೆ. ಸಸ್ಪೆನ್ಷನ್‌ನ ಬುಷ್ (ಕೀಲುಗಳಲ್ಲಿನ ರಬ್ಬರ್ ತುಂಡು) ಸವೆದಿರಬಹುದು, ಬಾಗಿರುವ ಭಾಗವೂ ಇರಬಹುದು. ಅಲೈನ್‌ಮೆಂಟ್ (ಚಕ್ರಗಳ ಕೋನ ಹೊಂದಿಸುವುದು) ಎಂದರೆ ಹಲವರು ಮುಂದಿನದನ್ನು ಮಾತ್ರ ನೋಡಿ ಕಳುಹಿಸುತ್ತಾರೆ. ನಾಲ್ಕೂ ಚಕ್ರಗಳ ಅಳತೆಯ ಕಾಗದ ಕೇಳಿ ತೆಗೆದುಕೊಳ್ಳಿ, ಅದರ ಚಿತ್ರ ಇಲ್ಲಿ ಹಾಕಿ. ಅದನ್ನು ಸರಿಪಡಿಸದಿದ್ದರೆ ಹೊಸ ಟೈರಿನ ಒಳಅಂಚೂ ಹೀಗೆಯೇ ಹೋಗುತ್ತದೆ.

ದೂರಯಾನಿ: ಹಾಗಾದರೆ ನೈಟ್ರೋಜನ್‌ನಿಂದ ಒಳಅಂಚು ಸವೆಯುವುದು ಕಡಿಮೆಯಾಗುತ್ತದೆಯೇ?

ಮಿಂಚುಗಾಡಿ: ಮೂರನೆಯ ಸಲ ಕೇಳುತ್ತಿದ್ದೇನೆ.

ಟೈರ್ ತಂತ್ರಜ್ಞ: ಎರಡು ಗಂಟೆ ಮುಗಿದು ಇಪ್ಪತ್ತು ನಿಮಿಷವಾಯಿತು. @ನೀಲಿಕಾರು ಬಿಟ್ಟು ಉಳಿದವರಿಗೆ ಮುಂದಿನ ವಾರ.

ನೀಲಿಕಾರು: ನಾಳಿನ ಪ್ರಯಾಣ ನಿಲ್ಲಿಸಿದೆ. ಕಾರಿನ ಕೀಲಿಯನ್ನು ಮನೆಯವರು ತೆಗೆದಿಟ್ಟುಕೊಂಡಿದ್ದಾರೆ.